ತಕ್ಕಡಿಯ ಮೇಲೆ ಡೇಗೆ

ಚಳಿ ಶುರುವಾಯ್ತು, ಬೆಂಗಳೂರಿನ ಕೆರೆಗಳ ಮೇಲೆ ಪೆರೆಗ್ರಿನ್ ಡೇಗೆ ಎಂಬ ಬೇಟೆಹಕ್ಕಿ ಕಾಣುವ ಕಾಲ. ಬೇಟೆಗೆ ಪಳಗಿಸಿದ ಡೇಗೆಗೆ ಹಳಗನ್ನಡದಲ್ಲಿ ಸಾಳುವ ಅಂತಲೇ ಹೆಸರು. ಒಂದು ರಾಜಮನೆತನವೇ ಆ ಹೆಸರು ಹೊತ್ತಿತ್ತು. ಡೇಗೆಯನ್ನು ಪಳಗಿಸೋದು ಹೆದರಿಸಿ ಅಲ್ಲ, ತೂಗಿ. ದಿನಾ ಒಂದೇ ಹೊತ್ತಿಗೆ, ಗ್ರಾಂ ಲೆಕ್ಕದಲ್ಲಿ. ಹೊಟ್ಟೆ ತುಂಬಿ ತೂಕ ಏರಿದರೆ ಮರದ ಮೇಲೆ ಕೂತು, ಕರೆದರೂ ತಿರುಗಿ ನೋಡಲ್ಲ. ತೀರಾ ಇಳಿದರೆ ಎದೆಯ ನಡುಮೂಳೆ ಚಾಕುವಿನ ಅಂಚಿನಂತೆ ಬೆರಳಿಗೆ ತಾಕುತ್ತೆ. ಅಲ್ಲಿಗೆ ಹಕ್ಕಿ ಉಳಿಯೋದೇ ಕಷ್ಟ. ತಿಂದ ಬೇಟೆಯ ಅರಗದ ಪುಕ್ಕದ ಉಂಡೆಯನ್ನು ಬೆಳಗ್ಗೆ ಕಕ್ಕುವ ತನಕ ಮತ್ತೆ ಮಾಂಸ ಕೊಡಬಾರದು.

ಮೊದಲು ಕೈಗವಸಿನ ಮೇಲೆ ತುತ್ತು, ಆಮೇಲೆ ಒಂದಡಿ ಜಿಗಿತ, ಆಮೇಲೆ ಕಾಲಿಗೆ ಉದ್ದ ದಾರ ಕಟ್ಟಿ 30-40 ಮೀಟರ್ ಹಾರಾಟ. ದಾರದ ತುದಿಯನ್ನು ಗೂಟಕ್ಕೆ ಬಿಗಿಯಬೇಡಿ, ಜಗ್ಗಿದ ರಭಸಕ್ಕೆ ಕಾಲು ಮುರಿಯುತ್ತೆ. ನೆಲದ ಮೇಲೆ ಎಳೆದಂತೆ ಸರಿಯುವ ಮರದ ತುಂಡಿಗೆ ಕಟ್ಟಬೇಕು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಇವನ್ನು ಹಿಡಿಯುವಂತಿಲ್ಲ, ಅದು ಸರಿಯೇ. ಆದರೆ ಮಾಂಜಾ ದಾರಕ್ಕೆ ರೆಕ್ಕೆ ಸೀಳಿಸಿಕೊಂಡ ಹದ್ದು ಮತ್ತೆ ಹಾರಬಲ್ಲುದೇ ಅಂತ ಬಿಡುವ ಮುಂಚೆ ನೋಡೋಕೂ ಇದೇ ಉದ್ದ ದಾರ ಬೇಕು.