ಇದು ಥಂಡಿಗಲ್ರೀ ಅಕ್ಕಾ

ಮಂಗಳವಾರ ಮುಂಜಾನೆ ಆ ಹುಡುಗಿಯ ಬೆನ್ನಿನಿಂದ ಹಬೆ ಏಳುತ್ತಿತ್ತು. ಬೀದರಿನ ಹೊರಗೆ ಚೌಖಂಡಿ ಗೋರಿ ದಾಟಿ, ಅಷ್ಟೂರಿನ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ಕಾಣಿಸುವ ಕಡೆ, ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ದಳು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಏಳುತ್ತದಲ್ಲ, ಅಂಥ ಹಬೆ, ಕಾಲರ್ ಸಂದಿಯಿಂದ. ನೋಡ್ತಾ ನೋಡ್ತಾ ಅವಳ ಹಲ್ಲು ಕಟಕಟ ಅನ್ನತೊಡಗಿದವು.

ಫೋನಿನಲ್ಲಿ 9 ಡಿಗ್ರಿ ಇತ್ತು. ಈ ವಾರದ ಥಂಡಿ ಎಂಥದ್ದು ಅಂತ ಬೀದರಿನವರಿಗೆ ನಾನು ಹೇಳಬೇಕಾಗಿಲ್ಲ. ಹೊರಗಿನವರು ಈ ಕಡೆ ಅಂದ್ರೆ ಬರೀ ಬಿಸಿಲು ಅಂದುಕೊಂಡಿರುತ್ತಾರೆ. ನಮ್ಮದು ಎರಡು ಸಾವಿರ ಅಡಿಗಿಂತ ಎತ್ತರದ ಬಯಲು. ಚಳಿಗಾಲದಲ್ಲಿ ಮೋಡ ಇರುವುದಿಲ್ಲ, ಗಾಳಿ ಒಣ. ಹಗಲಿಡೀ ಕಾದ ನೆಲ ರಾತ್ರಿ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಸೂರ್ಯ ಏಳುವ ಹೊತ್ತೇ ಎಲ್ಲಕ್ಕಿಂತ ಥಂಡಿ. ಓಡುವವರು ಹೊರಬೀಳುವುದೂ ಅದೇ ಹೊತ್ತಿಗೆ.

ಅವಳನ್ನು ಒಂದು ತಿಂಗಳಿಂದ ನೋಡುತ್ತಿದ್ದೇನೆ. ಅರೆಸೇನಾ ಪಡೆಯ ಕಾನ್‌ಸ್ಟೇಬಲ್ ಹುದ್ದೆಗೆ ತಯಾರಿ ನಡೆಸಿದ್ದಾಳೆ. ಹುಡುಗಿಯರು 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದೊಳಗೆ ಓಡಬೇಕು. ದಿನಾ ನಸುಕಿನಲ್ಲಿ ಅವಳ ಅಣ್ಣ ಬೈಕಿನಲ್ಲಿ ಕರೆತರುತ್ತಾನೆ. ಅವಳು ಓಡುತ್ತಾಳೆ, ಅವನು ಮಫ್ಲರ್ ಸುತ್ತಿಕೊಂಡು ಬೈಕಿನ ಮೇಲೆ ಕೂತಿರುತ್ತಾನೆ. ಒಂದು ದಿನವೂ ತಪ್ಪಿಸಿಲ್ಲ. ಆ ಹುಡುಗನ ಮೇಲೆ ನನಗೆ ತುಂಬಾ ಗೌರವ ಇದೆ. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು ಅನಿಸಿತು.

ಅವತ್ತು ಅವಳ ಮೈಮೇಲೆ ಇದ್ದದ್ದು ಕಾಟನ್ ಚೂಡಿದಾರ್ ಟಾಪು, ಅದರ ಮೇಲೆ ಟೊಪ್ಪಿಗೆ ಇರುವ ದಪ್ಪ ಸ್ವೆಟ್‌ಶರ್ಟು, ಅಂದ್ರೆ ಹುಡಿ, ಅದರ ಮೇಲೆ ಅಣ್ಣನ ಜಾಕೆಟು. ಜಿಪ್ಪನ್ನು ಗದ್ದದವರೆಗೆ ಎಳೆದಿದ್ದಳು. ಆದರೆ ಕೈಗೆ ಏನೂ ಇರಲಿಲ್ಲ. ಬೆರಳ ತುದಿ ಕೆಂಪಾಗಿ, ಉಗುರಿನ ಬುಡ ನೀಲಿಗಟ್ಟಿತ್ತು. ಜಿಪ್ಪಿನ ತುದಿ ಹಿಡಿಯೋಕೂ ಆಗುತ್ತಿರಲಿಲ್ಲ.

"ಮೊದ್ಲು ಆ ಜಾಕೆಟ್ ತೆಗಿ ತಂಗಿ. ಒಳಗೆಲ್ಲ ತೊಯ್ದದ. ಓಡೋಮುಂದ ಇಷ್ಟ್ಯಾಕ ಹಾಕ್ತಿ? ಅಷ್ಟೇನ್ ಥಂಡಿ ಇಲ್ಲ" ಅಂದೆ.

ಅವಳು ತಲೆ ಎತ್ತಿದಳು. "ಇದು ಥಂಡಿಗಲ್ರೀ ಅಕ್ಕಾ, ಮಂದಿಗೆ."

ಅಷ್ಟೇ. ಅಳು ಇಲ್ಲ, ದೂರು ಇಲ್ಲ. ಬಸ್ಸು ಎಷ್ಟಕ್ಕೆ ಬರ್ತದ ಅಂತ ಕೇಳಿದರೆ ಹೇಳುವ ದನಿಯಲ್ಲಿ ಹೇಳಿ, ಜುಟ್ಟು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ನನ್ನ ಬಾಯಲ್ಲಿ ಒಂದು ದೊಡ್ಡ ಪಾಠವೇ ಸಿದ್ಧವಾಗಿತ್ತು. ಆರು ವರ್ಷ ಈ ರಸ್ತೆಯಲ್ಲಿ ಓಡಿ ಕಲಿತದ್ದು. ಅದು ಸುಳ್ಳಲ್ಲ, ಇವತ್ತಿಗೂ ಸರಿಯೇ. ಓಡುವಾಗ ಮೈ ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿಯೇ ಹೊರಬರುತ್ತದೆ. ಹತ್ತು ನಿಮಿಷಕ್ಕೆ ಒಳಗೊಂದು ಒಲೆ ಹತ್ತಿದಂತೆ. ಅದಕ್ಕೇ ಹೊರಗೆ 9 ಡಿಗ್ರಿ ಇದ್ದರೆ 18, 19 ಡಿಗ್ರಿಗೆ ಏನು ಹಾಕಿಕೊಳ್ಳುತ್ತೀರೋ ಅಷ್ಟೇ ಹಾಕಿಕೊಂಡು ಓಡಬೇಕು. ಮನೆಯಿಂದ ಹೊರಬಿದ್ದಾಗ ಸ್ವಲ್ಪ ನಡುಗಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಜಾಸ್ತಿ ಹಾಕಿಕೊಂಡಿದ್ದೀರಿ ಅಂತ ಅರ್ಥ.

ನಿಜವಾದ ಶತ್ರು ಥಂಡಿ ಅಲ್ಲ, ಬೆವರು. ಹತ್ತಿ ಬಟ್ಟೆ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಎಳೆದುಕೊಳ್ಳುತ್ತದೆ. ಓಡ್ತಾ ಇರೋವರೆಗೆ ಗೊತ್ತಾಗಲ್ಲ. ನಿಂತ ಕೂಡಲೇ ಒಳಗಿನ ಒಲೆ ಆರುತ್ತದೆ, ಮೈಗೆ ಅಂಟಿಕೊಂಡ ಒದ್ದೆ ಬಟ್ಟೆ ಬಿಸಿಯನ್ನೆಲ್ಲ ಹೀರುತ್ತದೆ. ಆ ಹುಡುಗಿ ನಡುಗುತ್ತಿದ್ದದ್ದು ಬಟ್ಟೆ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಬೇಸಿಗೆಯಲ್ಲಿ ಹತ್ತಿಯಂಥ ಬಟ್ಟೆ ಇಲ್ಲ. ಚಳಿಗಾಲದ ಓಟಕ್ಕೆ ಮಾತ್ರ ಅದು ಆಗಿಬರುವುದಿಲ್ಲ.

ಉಣ್ಣೆಯ ಗುಣವೇ ಬೇರೆ. ನಮ್ಮಜ್ಜ ಕುರಿಗಳ ಹಿಂದೆ ಹೋಗುವಾಗ ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲೆ ಹೊತ್ತಿರುತ್ತಿದ್ದ. ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಕೊಟ್ಟ ಕಂಬಳಿ. ಮಳೆಯಲ್ಲಿ ತೊಯ್ದರೂ ಒಳಗೆ ಬೆಚ್ಚಗೆ ಅನ್ನುತ್ತಿದ್ದ. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ಹಸಿಯನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ ಅಂತ ನಾನು ಓದಿದ್ದು ಆಮೇಲೆ. ಕಂಬಳಿ ಹೊದ್ದು ಓಡೋಕೆ ಆಗಲ್ಲ. ಆದರೆ ತೆಳು ಉಣ್ಣೆಯ ಬನಿಯನ್ನು, ಇಲ್ಲವೇ ಬೆವರನ್ನು ಹೊರಕ್ಕೆ ದಾಟಿಸುವ ಪಾಲಿಯೆಸ್ಟರ್ ಅಂಗಿ ಮಾಡುವ ಕೆಲಸವೂ ಅದೇ ಜಾತಿಯದು.

ಇದನ್ನೆಲ್ಲ ಹೇಳಬೇಕು ಅಂತಿದ್ದೆ. "ಮಂದಿಗೆ" ಅಂದ ಮೇಲೆ ಏನು ಹೇಳಲಿ?

ಮನೆಗೆ ಬಂದು ಚಹಾ ಇಟ್ಟರೂ ಅದೇ ಮಾತು. ರೊಟ್ಟಿ ತಟ್ಟುವಾಗಲೂ ಅದೇ. ಇದು ಥಂಡಿಗಲ್ರೀ ಅಕ್ಕಾ. ಆರು ವರ್ಷದಿಂದ ನಾನು ಬಟ್ಟೆಯ ಬಗ್ಗೆ ಯೋಚನೆ ಮಾಡಿದ್ದು ಗಾಳಿ, ಬೆವರು, ಡಿಗ್ರಿ ಲೆಕ್ಕದಲ್ಲಿ. ನನಗೆ ನಲವತ್ತು ದಾಟಿದೆ, ಮದುವೆಯಾಗಿದೆ, ನೌಕರಿ ಇದೆ. ರಸ್ತೆಯಲ್ಲಿ ನನ್ನನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಇಪ್ಪತ್ತರ ಹುಡುಗಿಯ ರಸ್ತೆ ನನ್ನ ರಸ್ತೆ ಅಲ್ಲ ಅನ್ನೋದು ನನಗೆ ಹೊಳೆಯಲೇ ಇಲ್ಲ. ಅದಕ್ಕೆ ನನಗೆ ನಾಚಿಕೆಯಾಯಿತು.

ಯಾವ ಮಂದಿ ಅಂತ ನೋಡಿದರೆ, ರಸ್ತೆಯಲ್ಲಿ ಇರುವವರೇ ಅಷ್ಟು. ಮಂಕಿ ಕ್ಯಾಪ್ ಹಾಕಿಕೊಂಡು ನಡೆಯುವ ನಿವೃತ್ತರು ನಾಲ್ಕು ಜನ. ಅವರು ಒಳ್ಳೆಯವರು. ದಿನಾ ಅವಳಿಗೆ "ಮೈತುಂಬ ಹೊದ್ಕೊಂಡು ಓಡವ್ವಾ" ಅನ್ನುತ್ತಾರೆ, ಪ್ರೀತಿಯಿಂದಲೇ. ಹಾಲಿನವರು, ಹೊಲಕ್ಕೆ ಹೋಗುವವರು ತಮ್ಮ ಪಾಡಿಗೆ ಹೋಗುತ್ತಾರೆ. ಮತ್ತೆ ಮೂರು ಹುಡುಗರು. ಒಂದೇ ಬೈಕಿನಲ್ಲಿ ಬರುತ್ತಾರೆ, ಅವಳ ಹತ್ತಿರ ಬಂದಾಗ ಸ್ಪೀಡು ಕಡಿಮೆ ಮಾಡುತ್ತಾರೆ. ಒಂದು ಮಾತು ಆಡುವುದಿಲ್ಲ. ಸುಮ್ನೆ ಸ್ಪೀಡು ಕಡಿಮೆ ಮಾಡಿ, ನೋಡಿ, ಮತ್ತೆ ಹೋಗುತ್ತಾರೆ. ಬುಧವಾರ ಅದನ್ನು ನಾನು ಕಣ್ಣಾರೆ ಕಂಡೆ. ಅಣ್ಣ ಆ ಕಡೆ ತಿರುವಿನಲ್ಲಿ ಕೂತಿರುವುದರಿಂದ ಅವನಿಗೆ ಇದು ಕಾಣುವುದಿಲ್ಲ. ಆ ಮೂವರ ಬಗ್ಗೆ ನನಗೆ ಯಾವ ಒಳ್ಳೆ ಮಾತೂ ಬರುವುದಿಲ್ಲ. ಒಬ್ಬ ಹುಡುಗಿ ತನ್ನ ಉಸಿರು ಕಟ್ಟುವಷ್ಟು ಬಟ್ಟೆ ಹೇರಿಕೊಂಡು ಓಡುವುದಕ್ಕೆ ಅಷ್ಟು ಸಾಕು. ಬೈಗುಳ ಬೇಕಾಗಿಲ್ಲ, ಬ್ರೇಕು ಸಾಕು.

ಬಾಬಿ ಗಿಬ್ ಎಂಬ ಅಮೆರಿಕದ ಹೆಣ್ಣುಮಗಳ ಕತೆ ನನಗೆ ಗೊತ್ತಿತ್ತು, ಆದರೆ ಈ ವಾರವೇ ಅರ್ಥವಾದದ್ದು. 1966ರ ಏಪ್ರಿಲ್. ಬಾಸ್ಟನ್ ಮ್ಯಾರಥಾನ್‌ಗೆ ಅರ್ಜಿ ಕಳಿಸಿದರೆ, ಹೆಂಗಸರಿಗೆ ಅಷ್ಟು ದೂರ ಓಡುವ ಶಕ್ತಿ ಇಲ್ಲ ಅಂತ ಉತ್ತರ ಬಂದಿತ್ತು. ಅವಳು ಓಟ ಶುರುವಾಗುವ ಜಾಗದ ಹತ್ತಿರ ಪೊದೆಯಲ್ಲಿ ಅಡಗಿದ್ದು, ಗಂಡಸರ ಗುಂಪು ಹೊರಟ ಮೇಲೆ ನಡುವೆ ಸೇರಿಕೊಂಡಳು. ಒಡಹುಟ್ಟಿದವನ ಚಡ್ಡಿ ತೊಟ್ಟಿದ್ದಳು, ಮೇಲೆ ನೀಲಿ ಹುಡಿ. ಟೊಪ್ಪಿಗೆಯನ್ನು ತಲೆ ಮೇಲೆ ಎಳೆದುಕೊಂಡಿದ್ದಳು. ಸ್ವಲ್ಪ ದೂರಕ್ಕೇ ಸೆಕೆ ಶುರುವಾಯಿತು. ತೆಗೆಯೋಣ ಅಂದರೆ ಹೆಂಗಸು ಅಂತ ಗೊತ್ತಾಗಿ ಹೊರಗೆ ತಳ್ಳಿಬಿಟ್ಟರೆ ಅನ್ನುವ ಭಯ. ಪಕ್ಕದಲ್ಲಿ ಓಡುತ್ತಿದ್ದ ಗಂಡಸರಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ರಸ್ತೆ ಎಲ್ಲರದು, ನಿನ್ನನ್ನು ಹೊರಹಾಕೋಕೆ ನಾವು ಬಿಡಲ್ಲ ಅಂದರು ಅವರು. ಹುಡಿ ತೆಗೆದು ಓಡಿದಳು. 3 ಗಂಟೆ 21 ನಿಮಿಷಕ್ಕೆ ಮುಗಿಸಿದಳು, ಮೂರರಲ್ಲಿ ಎರಡು ಪಾಲು ಗಂಡಸರು ಅವಳ ಹಿಂದೆ. ಆ ಓಟಕ್ಕೆ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಲ್ಲಿ.

ಪೊದೆಯಲ್ಲಿ ಅಡಗಿದ್ದರ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನನಗೆ ಈಗ ಕಾಡುವುದು ಆ ಹುಡಿ. ಮೈ ಸುಡುತ್ತಿದ್ದರೂ ತೆಗೆಯಲಾರದೆ ಓಡಿದ ಅಷ್ಟು ದೂರ.

ಬುಧವಾರ ಸಂಜೆ ಅವಳನ್ನೂ ಅವಳ ಅವ್ವನನ್ನೂ ಕರೆದುಕೊಂಡು ಬಜಾರಿಗೆ ಹೋದೆ. ಅವ್ವನಿಗೆ ಮೊದಲು ಭಯ ಇತ್ತು, ತುಂಡು ಬಟ್ಟೆ ಕೊಡಿಸ್ತೀನಿ ಅಂತ. ಹಾಗೇನಿಲ್ಲ. ದಾರಿಯಲ್ಲಿ ಹುಡುಗಿ ನನ್ನ ಕಿವಿಯಲ್ಲಿ ಇನ್ನೊಂದು ಮಾತು ಹೇಳಿದಳು. ಜಾಕೆಟ್ ಬಿಗಿಯಾಗಿದ್ದರೆ ಎದೆ ಅಲ್ಲಾಡುವುದಿಲ್ಲ, ಅದಕ್ಕೂ ಹಾಕಿಕೊಳ್ತೀನಿ ಅಂತ. ಅವಳಿಗೆ ಓಡುವವರ ಒಳ ಉಡುಪು ಅಂತ ಒಂದು ಬೇರೆ ಇದೆ ಅನ್ನೋದೇ ಗೊತ್ತಿರಲಿಲ್ಲ. ಸ್ಪೋರ್ಟ್ಸ್ ಬ್ರಾ ಬಗ್ಗೆ ನನಗೂ ಮೂವತ್ತೆಂಟನೇ ವಯಸ್ಸಿನವರೆಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳುವುದಿಲ್ಲ ನಾವು ಇದನ್ನು? ಶೂಸ್ ಬಗ್ಗೆ ಹತ್ತು ಜನ ಹೇಳ್ತಾರೆ. ಓಡುವ ಹುಡುಗಿಗೆ ಶೂ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ. ಹತ್ತಿಯ ಮಾಮೂಲಿ ಬ್ರಾ ಬೆವರಿನಲ್ಲಿ ತೊಯ್ದು ಎದೆಗೇ ಅಂಟಿ ಕೂತರೆ, ಮೇಲೆ ಎಂಥ ಜಾಕೆಟ್ ಇದ್ದರೂ ಒಳಗಿನ ಥಂಡಿ ಹೋಗುವುದಿಲ್ಲ.

ಮೊದಲ ಎರಡು ಅಂಗಡಿಯಲ್ಲಿ ಸಿಗಲಿಲ್ಲ. ಒಬ್ಬ ನಮ್ಮ ಮುಖವನ್ನೇ ನೋಡದೆ ಇಲ್ಲ ಅಂದ. ಮೂರನೆಯದು ಹೆಂಗಸರೇ ನಡೆಸುವ ಅಂಗಡಿ. ಅಲ್ಲಿನ ಹೆಣ್ಣುಮಗಳು ಅಳತೆ ಪಟ್ಟಿ ತೆಗೆದು, ಪರದೆ ಹಿಂದೆ ಕರೆದೊಯ್ದು, "ಎಗರಿ ನೋಡವ್ವಾ, ಅಲ್ಲೇ ಎರಡ್ ಸಲ ಎಗರಿ ನೋಡು" ಅಂದಳು. ಪರದೆ ಹಿಂದಿನಿಂದ ಧಪ್ ಧಪ್ ಸದ್ದು ಬಂತು. ಆಮೇಲೆ ನಗು. ಅವ್ವನೂ ನಕ್ಕಳು.

ಮೇಲಕ್ಕೆ ಗಂಡಸರ ಸೈಜಿನ ತುಂಬು ತೋಳಿನ ಪಾಲಿಯೆಸ್ಟರ್ ಜರ್ಸಿ ತಗೊಂಡೆವು, ಕಪ್ಪು ನೀಲಿ. ಸಡಿಲ, ತೊಡೆಯವರೆಗೆ ಬರುತ್ತದೆ, ಬೆವರಿನ ಕಲೆ ಕಾಣುವುದಿಲ್ಲ. ಗಾಳಿ ತಡೆಯೋಕೆ ತೆಳು ವಿಂಡ್‌ಚೀಟರು. ಬಿಸಿಯಾದರೆ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು, ಹಿಂದೆ ಮರೆಯೂ ಆಗುತ್ತದೆ. ಅವಳು ಮೊದಲು ಒಪ್ಪಿದ್ದೇ ಆ ಮರೆಗಾಗಿ. ಮಂದಿಗಾಗಿ ಬಟ್ಟೆ ಆರಿಸುವುದು ನನಗೆ ಇಷ್ಟವಾಗಲಿಲ್ಲ, ಈಗಲೂ ಇಲ್ಲ. ಆದರೆ ಪರೀಕ್ಷೆ ಅವಳದು, ರಸ್ತೆ ಅವಳದು. ನನ್ನ ಸಿಟ್ಟನ್ನು ಅವಳ ಮೈಮೇಲೆ ತೊಡಿಸೋಕೆ ಆಗಲ್ಲ ಅಲ್ವಾ? ಕೊನೆಗೆ ಕೈಗವಸು. ಥಂಡಿಯಲ್ಲಿ ಮೈ ಮೊದಲು ಒಳಗಿನ ಅಂಗಗಳನ್ನು ಕಾಪಾಡಿಕೊಳ್ಳುತ್ತದೆ, ಕೈಕಾಲಿನ ತುದಿಗೆ ರಕ್ತ ಕಡಿಮೆ ಕಳಿಸುತ್ತದೆ. ಅದಕ್ಕೇ ಎದೆಗೆ ಎರಡು ಪದರ ಇದ್ದರೂ ಬೆರಳು ಸೆಟೆಯುವುದು. ಕಿವಿಗೆ ಅವ್ವನ ಹಳೆ ಸ್ಕಾರ್ಫು ಸಾಕಾಯಿತು.

ಒಂದು ಒಣ ಅಂಗಿಯನ್ನು ಬೈಕಿನ ಡಿಕ್ಕಿಯಲ್ಲಿ ಇಟ್ಟಿರು ಅಂತ ಅಣ್ಣನಿಗೆ ಹೇಳಿದೆ. ಓಟ ಮುಗಿದ ಐದು ನಿಮಿಷದಲ್ಲಿ ಒದ್ದೆ ಅಂಗಿ ಮೈಮೇಲಿಂದ ಹೋಗಬೇಕು. ಇನ್ನೊಂದು ಮಾತೂ ಹೇಳಿದೆ, ಬೈಕನ್ನು ತಿರುವಿನಿಂದ ಸ್ವಲ್ಪ ಈಚೆ ತಂದು ನಿಲ್ಲಿಸು ಅಂತ. ಯಾಕೆ ಅಂತ ಅವನು ಕೇಳಿದ. ಹೇಳಿದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ.

ಶುಕ್ರವಾರ ಮುಂಜಾನೆಯೂ ಅಷ್ಟೇ ಥಂಡಿ. ಮೂಡಗಾಳಿ ಎದುರಿಗೆ ಬೀಸುತ್ತಿತ್ತು. ಹೋಗುವಾಗ ಗಾಳಿ ಎದುರಿಗಿದ್ದರೆ ಒಳ್ಳೆಯದೇ, ಬೆವರಿದ ಮೇಲೆ ಬರುವಾಗ ಬೆನ್ನಿಗಿರುತ್ತದೆ. ಸಿಡಿಲು ಬಡಿದು ಅರ್ಧ ಒಡೆದ ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ ಮಂಜಿನಲ್ಲಿ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಮಂಕಿ ಕ್ಯಾಪಿನ ಹಿರಿಯರೊಬ್ಬರು ಅವಳನ್ನು ನೋಡಿ "ಏನವ್ವಾ, ಜಾಕೆಟ್ ಎಲ್ಲಿ?" ಅಂದರು. ಅವಳು ನಿಲ್ಲದೆ ಕೈಗವಸಿನ ಕೈ ಎತ್ತಿ ಬೈಕಿನ ಕಡೆ ತೋರಿಸಿದಳು. ಅಣ್ಣ ತನ್ನ ಸ್ವೆಟರ್ ಮೇಲೆ ಆ ಜಾಕೆಟ್ ಏರಿಸಿಕೊಂಡು, ಕಾಲರ್ ಎತ್ತಿ, ರಸ್ತೆಯ ಮಗ್ಗುಲಲ್ಲೇ ನಿಂತಿದ್ದ. ಕೂತಿರಲಿಲ್ಲ, ನಿಂತಿದ್ದ.

ಆ ಬೈಕಿನ ಹುಡುಗರು ಬಂದರು. ಅವನನ್ನು ನೋಡಿ ಸ್ಪೀಡು ಕಡಿಮೆ ಮಾಡದೆ ಹೋದರು.

ಕೊನೆಯ ಇನ್ನೂರು ಮೀಟರ್ ಅವಳು ಬಾಯಿ ತೆರೆದು, ತೋಳು ಬೀಸಿ ಓಡಿದಳು. ಹೀಗೆ ತೋಳು ಬೀಸಿದ್ದನ್ನು ನಾನು ಒಂದು ತಿಂಗಳಲ್ಲಿ ನೋಡಿರಲಿಲ್ಲ. ಮೂರು ಪದರದಲ್ಲಿ ಅವಳ ಮೊಣಕೈ ಮಡಚುತ್ತಲೇ ಇರಲಿಲ್ಲ. ಅಣ್ಣ ಫೋನಿನ ಗಡಿಯಾರ ಒತ್ತಿದ. 8 ನಿಮಿಷ 51 ಸೆಕೆಂಡ್. ಮಂಗಳವಾರ 9 ನಿಮಿಷ 20 ಇತ್ತು.

ಅವಳು ಬೈಕಿನ ಮರೆಯಲ್ಲಿ ವಿಂಡ್‌ಚೀಟರ್ ಸುತ್ತಿಕೊಂಡು ಒಣ ಅಂಗಿ ಬದಲಿಸಿ ಬಂದಳು. ಈ ಸಲ ಹಲ್ಲು ಕಟಕಟ ಇರಲಿಲ್ಲ. ಫೋನನ್ನು ಅಣ್ಣನ ಕೈಯಿಂದ ಕಸಿದು, ಹತ್ತಿರ ಹಿಡಿದು ಮತ್ತೆ ನೋಡಿದಳು.

"ಇನ್ನ 21 ಸೆಕೆಂಡ್ ಅದ ಅಕ್ಕಾ" ಅಂದಳು.