ಕೊಡಗು ಹಕ್ಕಿ ಲಿಸ್ಟ್, ಮೂರನೇ ರೌಂಡ್: ಮೂರು ಸೇರ್ತು, ಒಂದು ಹೋಯ್ತು

ಹೊಸದಾಗಿ ಓದೋರಿಗೆ: ಕೊಡಗಲ್ಲೇ ನೋಡ್ಬೇಕು ಅಂತ ಹನ್ನೆರಡು ಹಕ್ಕಿ ಬರ್ಕೊಂಡಿದೀನಿ, ಹಿಂದಿನ ಎರಡು ಟ್ರಿಪ್ಪಲ್ಲಿ ಐದು ಆಗಿತ್ತು. ಈ ಸಲ ಭಾವನ ಹಳೇ ಕಾರು, ಬೆಳಗಿನ ಜಾವ ನಾಲ್ಕಕ್ಕೆ ಮೈಸೂರು ಬಿಟ್ವಿ, ಹುಣಸೂರು ದಾಟಿ ಕುಶಾಲನಗರದಲ್ಲಿ ಕಾಫಿ. ಮಡಿಕೇರಿಲಿ ಮಂಜು ಎಷ್ಟಿತ್ತು ಅಂದ್ರೆ ಮುಂದಿನ ಬಸ್ಸಿನ ಕೆಂಪು ಲೈಟ್ ಬಿಟ್ರೆ ಏನೂ ಕಾಣ್ತಿರ್ಲಿಲ್ಲ, ಅಲ್ಲಿ ಹಕ್ಕಿ ಸೊನ್ನೆ. ನಾಪೋಕ್ಲು ಮೇಲೆ ಕಕ್ಕಬ್ಬೆ ಕಡೆ ಇಳಿದ್ಮೇಲೇ ಬಿಸಿಲು ಬಂದಿದ್ದು. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಆಗಿ ಒಂದು ವಾರ ಆಗಿತ್ತಂತೆ, ತೋಟ ಪೂರ್ತಿ ಬೆಳ್ಳಗೆ, ಕಿಟಕಿ ಇಳಿಸಿದ್ರೆ ಮಲ್ಲಿಗೆ ಥರ ವಾಸ್ನೆ.

ಮೊದಲು ಅಳಿಸಿದ್ದರ ಕಥೆ. ಹೋಂಸ್ಟೇ ಹಿಂದಿನ ಹಲಸಿನ ಮರದಿಂದ ಸರ್ಪ ಹದ್ದಿನ ಕೂಗು ಕೇಳ್ತು, ಭಾವ ಆಕಾಶ ನೋಡ್ತಾ ನಿಂತ್ರು. ಹದ್ದಿಲ್ಲ. ಅದೇ ಕೊಂಬೆಯಿಂದ ಈಗ ಕುಟ್ರು ಹಕ್ಕಿ, ಆಮೇಲೆ ಇನ್ನೇನೋ ಸಿಳ್ಳೆ. ನೋಡಿದ್ರೆ ಒಬ್ಬನೇ ಭೀಮರಾಜ ಹಕ್ಕಿ, ಬಾಲದ ಎರಡು ಉದ್ದ ತಂತಿ ತುದಿಲಿ ಚಮಚ ನೇತಾಕ್ಕೊಂಡು ಊರ ಹಕ್ಕಿಗಳ ದನಿಯನ್ನೆಲ್ಲಾ ಮಿಮಿಕ್ರಿ ಮಾಡ್ತಿದ್ದ. ಹೋದ ವರ್ಷ ನಾನು ಬರೀ ಸದ್ದು ಕೇಳಿ ಬೆಟ್ಟದ ಮೈನಾಗೆ ಟಿಕ್ ಹಾಕಿದ್ದು ನೆನಪಾಗಿ ಹೊಟ್ಟೆಲಿ ಕಸಿವಿಸಿ. ಅಳಿಸ್ದೆ. ಇನ್ಮೇಲೆ ಕಣ್ಣಾರೆ ಕಂಡಿದ್ದಷ್ಟೇ ಲೆಕ್ಕ, ಸದ್ದು ಕೇಳಿ ಹೆಸರು ಹೇಳೋ ಆಪ್ ಏನೇ ಹೇಳ್ಲಿ.

ಮಧ್ಯಾಹ್ನ ಹಾರ್ಟ್ ಸ್ಪಾಟೆಡ್ ಮರಕುಟಿಗ, ಚಿಕ್ಕ ಹಕ್ಕಿ, ತಲೆ ಮೇಲೆ ದೊಡ್ಡ ಜುಟ್ಟು, ಬಾಲ ಇದ್ಯೋ ಇಲ್ವೋ ಅನ್ನೋ ಹಾಗೆ. ಫೋಟೋ ಬ್ಲರ್. ಟ್ರೋಗನ್ ಹಕ್ಕಿ ಕಥೆ ಅದಕ್ಕಿಂತ ವಿಚಿತ್ರ, ಬೆನ್ನು ಕೊಟ್ಟು ಅಲ್ಲಾಡದೆ ಕೂತಿದ್ದಕ್ಕೆ ಅರ್ಧ ಗಂಟೆ ಒಣಗಿದ ಎಲೆ ಅಂದ್ಕೊಂಡಿದ್ವಿ, ತಿರುಗಿದ್ಮೇಲೆ ಕುಂಕುಮದಂಥ ಹೊಟ್ಟೆ ಕಂಡಿದ್ದು. ಅಷ್ಟರಲ್ಲಿ ನನ್ನ ಕಾಲ್ಚೀಲದೊಳಗೆ ಮೂರು ಇಂಬಳ.

ಆದ್ರೆ ಈ ಟ್ರಿಪ್ ಅಂದ್ರೆ ಮಂಗಟ್ಟೆನೇ. ಮಲಬಾರ್ ಬೂದು ಮಂಗಟ್ಟೆ, ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲ, ದೊಡ್ಡ ಮಂಗಟ್ಟೆಗಿರೋ ಥರ ಕೊಕ್ಕಿನ ಮೇಲೆ ಕಿರೀಟ ಇರಲ್ಲ, ಕೂಗು ಯಾರೋ ಕೆಟ್ಟದಾಗಿ ನಗೋ ಹಾಗೆ. ದೇವರಕಾಡಿನ ಅಂಚಲ್ಲಿ ಒಂದು ಹಳೇ ಮರದ ಪೊಟರೆ. ಹೆಣ್ಣು ಒಳಗೆ ಸೇರ್ಕೊಂಡು ತನ್ನ ಹಿಕ್ಕೆಲೇ ಪೊಟರೆ ಬಾಯಿ ಮುಚ್ಕೊಂಡಿತ್ತು, ಉಳಿದಿದ್ದು ಬೆರಳಗಲದ ಸೀಳು. ನಾವು ದೂರದಲ್ಲಿ ಕಾಫಿ ಗಿಡದ ಮರೆಲಿ ಕೂತ್ವಿ. ಗಂಡು ಬಂತು, ಕತ್ತು ಕುಲುಕಿ ಗಂಟಲಿಂದ ಒಂದು ಹಣ್ಣು ಕೊಕ್ಕಿನ ತುದಿಗೆ ತಂದು ಸೀಳೊಳಗೆ ಇಟ್ಟಿತು, ಮತ್ತೆ ಕುಲುಕಿ ಇನ್ನೊಂದು, ಏಳು ಎಣಿಸ್ದೆ. ಏಳನೇದು ಕೆಳಗೆ ಬಿತ್ತು. ಅದು ಒಂದು ಕ್ಷಣ ಬಗ್ಗಿ ನೋಡಿ ಹಾರೋಯ್ತು.

ತೋಟದ ಯಜಮಾನ್ರು ಹೇಳಿದ್ದು: ಪಕ್ಕದಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರದ ಸಾಲಲ್ಲಿ ಮಂಗಟ್ಟೆ ಕೂತಿದ್ದೇ ಕಂಡಿಲ್ವಂತೆ. ಅಲ್ಲಿ ಅದು ತಿನ್ನೋ ಅತ್ತಿ ಹಣ್ಣಿಲ್ಲ, ಮರಕ್ಕೆ ಪೊಟರೆ ಆಗೋ ಅಷ್ಟು ವಯಸ್ಸಾಗೋಕೂ ಬಿಡಲ್ಲ. ಆದ್ರೂ ಹಾಕೋದು ಯಾಕಂದ್ರೆ ನೆಟ್ಟಗೆ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸ್ಬಹುದು, ಮಾರೋಕೆ ಕಾಡುಮರದಷ್ಟು ತಲೆನೋವಿಲ್ಲ. "ನಾನೂ ಹಾಕಿದೀನಿ, ಸುಳ್ಳು ಹೇಳಲ್ಲ" ಅಂದ್ರು. ಅವರ ಮೇಲೆ ಸಿಟ್ಟೂ ಬರ್ಲಿಲ್ಲ, ಕಾಫಿ ರೇಟ್ ಬಿದ್ದ ವರ್ಷ ಸಾಲ ಕಟ್ಟೋರು ಅವರೇ ತಾನೇ.

ಭಾನುವಾರ ತಡಿಯಂಡಮೋಳ್ ಹತ್ತೋ ಪ್ಲಾನ್ ಇತ್ತು, 1748 ಮೀಟರ್, ನಾಲ್ಕುನಾಡು ಅರಮನೆ ತನಕ ಹೋಗಿ ಮಳೆಗೆ ವಾಪಸ್. ಅಲ್ಲಿ ಜಗಲಿಲಿ ಕೂತು ನೆಂದ ಲೆನ್ಸ್ ಒರೆಸ್ತಾ ಲಿಸ್ಟ್ ತಿದ್ದಿದೆ. ಐದರಲ್ಲಿ ಒಂದು ಕಳೆದು ಮೂರು ಸೇರಿಸಿ, ಈಗ ಏಳು. ಭಾವ ಮಾತ್ರ ಆ ಕೆಳಗೆ ಬಿದ್ದ ಹಣ್ಣು ಎತ್ಕೊಂಡು ಬಂದು ಡ್ಯಾಶ್‌ಬೋರ್ಡ್ ಮೇಲಿಟ್ಟಿದಾರೆ, ಮೈಸೂರು ಮುಟ್ಟೋ ಹೊತ್ತಿಗೆ ಇರುವೆ ಹತ್ತಿತ್ತು.