ಸಿಂಪಿಗರ ‘ನಾಳೆ’

“ಅಕ್ಕಾರ, ಇಂಥಾ ಸಣ್ಣ ಸಣ್ಣ ವಿಷಯಕ್ಕೆಲ್ಲಾ ನಿಮ್ಮ ದೇವ್ರು ಲೆಕ್ಕಾ ಇಡ್ತಾನೇನ್ರಿ?”

ಬೆಟಗೇರಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಉಳಿದ ಅಸ್ತರ್ ತುಂಡನ್ನು ಮಡಚಿ ಬ್ಲೌಸಿನ ಜೊತೆ ಚೀಲಕ್ಕೆ ಹಾಕಿದಾಗ ಗಿರಾಕಿಗಳು ಕೇಳುತ್ತಾರೆ. ಭಾನುವಾರ ಶಾಲೆಯಲ್ಲಿ ಮೀಸೆ ಮೂಡುತ್ತಿರುವ ಹುಡುಗರು ಕೇಳುತ್ತಾರೆ: “ಆಂಟಿ, ಗದ್ದಲದಾಗ ಕಂಡಕ್ಟರ್ ಟಿಕೆಟ್ ಕೊಡೋದು ಮರತ್ರ ಅದೂ ಪಾಪ ಏನ್ರಿ?” ಹುಬ್ಬಳ್ಳಿಯಲ್ಲಿ ನೌಕರಿಗಿರುವ ನನ್ನ ತಂಗಿಯ ಮಗನದು ಇನ್ನೂ ನೇರ ಮಾತು: “ದೊಡ್ಡಮ್ಮ, ನಂಬಿಕಿ ಅಂದ್ರ ಶಿಲುಬೆ, ಪುನರುತ್ಥಾನ, ನಿತ್ಯಜೀವ. ಅದರಾಗ ಬ್ಲೌಸ್ ಯಾವತ್ತ ಕೊಡತಿ ಅನ್ನೋದು ಎಲ್ಲಿಂದ ಬಂತು?”

ಅವನಿಗೆ ಊಟ ಬಡಿಸುತ್ತಾ ಹೇಳಿದ ಅರ್ಧ ಉತ್ತರವನ್ನು ಇಲ್ಲಿ ಪೂರ್ತಿ ಮಾಡಲು ನೋಡುತ್ತೇನೆ.

ಮೊದಲು ಲೆಕ್ಕದ ಮಾತು. ಅಂಗಡಿಯ ಉದ್ದರಿ ಪುಸ್ತಕದಂತೆ ದೇವರು ನನ್ನ ಹೆಸರಿನಲ್ಲಿ ಒಂದು ಹಾಳೆ ಇಟ್ಟಿದ್ದಾನೆ, ತುಂಡು ಬಟ್ಟೆ ತಿರುಗಿ ಕೊಟ್ಟರೆ ಜಮಾ, ಇಟ್ಟುಕೊಂಡರೆ ಖರ್ಚು ಎಂದು ನಾನು ನಂಬುವುದಿಲ್ಲ. ರಕ್ಷಣೆ ಕೃಪೆಯಿಂದ ಬಂದದ್ದು, ನಮ್ಮ ಕೆಲಸದಿಂದ ಗಳಿಸಿದ್ದಲ್ಲ ಎಂದು ನಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪೌಲನು ಎಫೆಸದವರಿಗೆ ಬರೆದದ್ದನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವಳು ನಾನು. ಆದರೆ ಎರಡನೆಯ ಅಧ್ಯಾಯದ 8 ಮತ್ತು 9ನೇ ವಚನ ಕಲಿಸಿದವರು 10ನೆಯದಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಒಳ್ಳೆಯ ಕೆಲಸಗಳಲ್ಲಿ ನಡೆಯಲೆಂದೇ ನಮ್ಮನ್ನು ಸೃಷ್ಟಿಸಲಾಗಿದೆ ಎಂದು ಅಲ್ಲಿದೆ. ‘ನಡೆಯಲು’ ಎಂಬ ಆ ಮಾತು ನನಗೆ ಬಹಳ ಹಿಡಿಸುತ್ತದೆ. ನಡೆಯುವುದು ಹೆಜ್ಜೆ ಹೆಜ್ಜೆಯಾಗಿಯೇ.

ಆದರೂ ಇದು ನನಗೆ ಅರ್ಥವಾದದ್ದು ವಚನ ಓದಿ ಅಲ್ಲ. ಒಂದು ಶನಿವಾರ ಸಂಜೆ ಅರ್ಥವಾಯಿತು.

ನನ್ನ ಅಂಗಡಿಯ ಬ್ಲೌಸುಗಳಿಗೆ ಹುಕ್ಕು ಹಚ್ಚಿ, ಕೈಹೊಲಿಗೆ ಮಾಡಿಕೊಡುವಾಕೆ ಒಬ್ಬಳಿದ್ದಾಳೆ. ಕೆಲಸವನ್ನು ಮನೆಗೆ ಒಯ್ದು ಮಾಡುತ್ತಾಳೆ. ಇಷ್ಟು ಬ್ಲೌಸಿಗೆ ಇಷ್ಟು ಎಂದು ಲೆಕ್ಕ, ಶನಿವಾರ ಬಟವಡೆ. ಆ ಶನಿವಾರ ನಾನು ಹಾಡಿನ ತಾಲೀಮಿಗೆ ಚರ್ಚಿಗೆ ಹೊರಟಿದ್ದೆ. ಅಂಗಡಿಗೆ ಬೀಗ ಹಾಕಿ ಮೆಟ್ಟಿಲು ಇಳಿಯುವಾಗ ಆಕೆ ಬಂದಳು. ಕೈಯಲ್ಲಿ ಚೀಲ, ಚೀಲದಲ್ಲಿ ಮುಗಿಸಿದ ಕೆಲಸ. ಆಕೆಗೆ ಬರಬೇಕಾದದ್ದು ಆರುನೂರಾ ನಲವತ್ತು ರೂಪಾಯಿ. ರೊಕ್ಕ ಒಳಗೆ ಗಲ್ಲೆಯಲ್ಲಿತ್ತು. ಮತ್ತೆ ಬೀಗ ತೆಗೆಯಬೇಕು, ಬ್ಲೌಸ್ ಎಣಿಸಬೇಕು, ಚಿಲ್ಲರೆ ಹುಡುಕಬೇಕು. ಹೆಚ್ಚೆಂದರೆ ಐದು ನಿಮಿಷ. “ಸೋಮವಾರ ಬಾರವ್ವಾ, ತಡಾ ಆಗೇತಿ” ಎಂದೆ.

ಆಕೆ ಒಂದು ಕ್ಷಣ ನಿಂತಳು. ಆಮೇಲೆ, “ಇರ್ಲಿ ಬಿಡ್ರಿ ಅಕ್ಕಾರ, ನೀವು ಪ್ರಾರ್ಥನಾಕ್ಕ ಹೊಂಟೀರಿ, ಹೋಗಿ ಬರ್ರಿ” ಎಂದಳು.

ಕುಹಕ ಇರಲಿಲ್ಲ ಆ ಮಾತಿನಲ್ಲಿ. ಸಿಟ್ಟೂ ಇರಲಿಲ್ಲ. ದೇವರ ಕೆಲಸಕ್ಕೆ ಹೊರಟವರನ್ನು ತಡೆಯಬಾರದು ಎಂಬ ಭಕ್ತಿಯಿಂದಲೇ ಹೇಳಿದಳು. ಅವತ್ತು ಹಾಡಿನ ಒಂದು ಸಾಲೂ ನನ್ನ ಗಂಟಲಿನಿಂದ ಸರಿಯಾಗಿ ಬರಲಿಲ್ಲ. ಮನೆಗೆ ಬಂದು ಸತ್ಯವೇದ ತೆಗೆದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹುಡುಕಿದೆ. ಕೂಲಿಯವನ ಕೂಲಿಯನ್ನು ಆಯಾ ದಿನವೇ, ಹೊತ್ತು ಮುಳುಗುವುದರೊಳಗೆ ಕೊಡಬೇಕು ಎಂದು 15ನೇ ವಚನದಲ್ಲಿದೆ. ಕಾರಣವನ್ನೂ ಅಲ್ಲೇ ಕೊಟ್ಟಿದೆ: ಅವನು ಬಡವ, ಅವನ ಜೀವವೆಲ್ಲ ಅದರ ಮೇಲೆಯೇ ನೆಟ್ಟಿದೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಂತೂ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ಕರ್ತನ ಕಿವಿ ಮುಟ್ಟುತ್ತದೆ. ನಾನು ಹಾಡಲು ಹೋದ ಅದೇ ಕರ್ತನ ಕಿವಿ.

ಅವತ್ತಿನಿಂದ ‘ಸಣ್ಣ ವಿಷಯ’ ಎಂಬ ಮಾತು ಕೇಳಿದಾಗಲೆಲ್ಲ, ಯಾರ ಅಳತೆಯಲ್ಲಿ ಸಣ್ಣದು ಎಂದು ಕೇಳಿಕೊಳ್ಳುತ್ತೇನೆ. ಹೊಲಿಗೆಯವಳಿಗೆ ಅಳತೆ ಬಿಟ್ಟು ಬೇರೇನು ಗೊತ್ತು? ನನ್ನ ಮೈ ಅಳತೆಗೆ ಕತ್ತರಿಸಿದ ಬ್ಲೌಸು ಗಿರಾಕಿಗೆ ಹೊಂದುವುದಿಲ್ಲ. ಐದು ನಿಮಿಷ ನನಗೆ ಸಣ್ಣದು, ಸೋಮವಾರ ನನಗೆ ಹತ್ತಿರ. ರೊಕ್ಕ ನೆಚ್ಚಿಕೊಂಡು ಬಂದಾಕೆಗೆ ನಡುವೆ ಎರಡು ರಾತ್ರಿ ಇದ್ದವು.

ನಮ್ಮಲ್ಲಿ ಇಂಥ ಪ್ರಶ್ನೆಗೆ ಹೆಚ್ಚಾಗಿ ಲೂಕ 16:10ನ್ನು ಉತ್ತರವಾಗಿ ಕೊಡುತ್ತಾರೆ: ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನು. ಒಳ್ಳೆಯ ವಚನ. ಆದರೆ ಮಕ್ಕಳ ಕಿವಿಯಲ್ಲಿ ಅದು, ಸಣ್ಣದು ದೊಡ್ಡದಕ್ಕೆ ತಾಲೀಮು ಎಂಬಂತೆ ಬೀಳುತ್ತದೆ. ಹಾಗಾಗಿ ನಾನು ಮತ್ತಾಯ 25ಕ್ಕೆ ಹೋಗುತ್ತೇನೆ. ಅಲ್ಪರಾದ ಒಬ್ಬರಿಗೆ ಮಾಡಿದ್ದನ್ನು ನನಗೇ ಮಾಡಿದಿರಿ ಎನ್ನುತ್ತಾನೆ ಯೇಸು. ಅಲ್ಲಿ ಹೇಳಿದ ಕೆಲಸಗಳನ್ನು ನೋಡಿ: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಅರಿವೆ, ರೋಗಿಯ ಆರೈಕೆ, ಸೆರೆಮನೆಗೆ ಹೋಗಿ ಭೇಟಿ. ಒಂದೂ ದೊಡ್ಡ ಸಾಹಸವಲ್ಲ. ಮಾಡಿದವರಿಗೆ ಮಾಡಿದ್ದೇ ನೆನಪಿಲ್ಲ, ಯಾವಾಗ ಸ್ವಾಮೀ ಎಂದು ತಿರುಗಿ ಕೇಳುತ್ತಾರೆ. ಪಡೆದವನಿಗೆ ಮಾತ್ರ ನೆನಪಿದೆ. ನನ್ನ ದೇವರು ನಿಂತಿರುವುದು ಪಡೆಯುವವರ ಕಡೆ. ತಂಗಿಯ ಮಗನಿಗೆ ನನ್ನ ಉತ್ತರದ ಗಟ್ಟಿ ಭಾಗ ಇದೇ.

ಇನ್ನು ನಮ್ಮ ವೃತ್ತಿಯ ದೊಡ್ಡ ಸುಳ್ಳಿಗೆ ಬರುತ್ತೇನೆ. ಸಿಂಪಿಗರ ‘ನಾಳೆ’ ಯಾರಿಗೆ ಗೊತ್ತಿಲ್ಲ? ಪಂಚಮಿ, ದೀಪಾವಳಿ, ಲಗ್ನದ ದಿನಗಳು ಬಂದವೆಂದರೆ ಬಂದ ಬಟ್ಟೆಯನ್ನೆಲ್ಲ ಹಿಡಿಯುತ್ತೇವೆ. ಅಸ್ತರ್ ಹಚ್ಚಿದ ಒಂದು ಬ್ಲೌಸಿಗೆ ಕತ್ತರಿಸುವುದರಿಂದ ಹಿಡಿದು ಇಸ್ತ್ರಿವರೆಗೆ ನನಗೆ ಎರಡು ತಾಸಂತೂ ಬೇಕು. ದಿನಕ್ಕೆ ಐದು, ಬಹಳ ಜಗ್ಗಿದರೆ ಆರು. ಆದರೂ ದಿನಕ್ಕೆ ಹನ್ನೆರಡು ಹಿಡಿಯುತ್ತಿದ್ದೆ. ಬಿಟ್ಟರೆ ಗಿರಾಕಿ ಬಾಜೂ ಅಂಗಡಿಗೆ ಹೋಗುತ್ತಾಳೆ ಎಂಬ ಅಂಜಿಕೆ. “ನಾಳೆ ಬರ್ರಿ” ಎನ್ನುವಾಗ ನಾಳೆ ಆಗುವುದಿಲ್ಲ ಎಂದು ನನ್ನ ಬಾಯಿಗೇ ಗೊತ್ತಿರುತ್ತಿತ್ತು. ಇದನ್ನು ಸುಳ್ಳು ಎಂದು ನಾನು ಎಂದೂ ಎಣಿಸಿರಲಿಲ್ಲ, ವೃತ್ತಿಯ ಮಾತು ಎಂದುಕೊಂಡಿದ್ದೆ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದು ಬೆಟ್ಟದ ಪ್ರಸಂಗದಲ್ಲಿ ಯೇಸು ಹೇಳಿದ್ದನ್ನು ಭಾನುವಾರ ಶಾಲೆಯಲ್ಲಿ ಕಲಿಸುತ್ತಲೇ ಇದ್ದೆ.

ಲಕ್ಕುಂಡಿಯಿಂದ ಒಬ್ಬ ತಾಯಿ ಮಗಳ ನಿಶ್ಚಯದ ಬ್ಲೌಸಿಗಾಗಿ ಮೂರು ಸಲ ಬಸ್ಸು ಹತ್ತಿ ಬಂದಳು. ಮೂರನೆಯ ಸಲ ಆಕೆ ಬೈಯಲಿಲ್ಲ, ಬಾಗಿಲ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಹೊಲದ ಕೆಲಸ ಬಿಟ್ಟು ಬಂದ ಮೂರು ದಿನ. ಈಗ ಒಂದು ಡೈರಿ ಇಟ್ಟಿದ್ದೇನೆ. ದಿನಕ್ಕೆ ಐದೇ ಗೆರೆ. ಐದು ತುಂಬಿದರೆ ಮುಂದಿನ ಹಾಳೆ. “ಹದಿನೈದು ದಿನಾ ಆಗತೈತ್ರಿ” ಎಂದರೆ ಕೆಲವರು ಬಟ್ಟೆ ತಿರುಗಿ ತೊಗೊಂಡು ಹೋಗುತ್ತಾರೆ. ಹೋದ ವರ್ಷ ದೀಪಾವಳಿಗೆ ಬಹಳ ಜನ ಹೋದರು, ಗಲ್ಲೆಗೆ ಪೆಟ್ಟು ಬಿತ್ತು. ಪ್ರಾಮಾಣಿಕವಾಗಿದ್ದರೆ ವ್ಯಾಪಾರ ತಾನೇ ಏರುತ್ತದೆ ಎಂದು ಸಾಕ್ಷಿ ಹೇಳುವವರಿದ್ದಾರೆ. ನನಗೆ ಹಾಗಾಗಿಲ್ಲ, ಹಾಗೆಂದು ಮಕ್ಕಳಿಗೆ ನಾನು ಹೇಳಿಕೊಡುವುದೂ ಇಲ್ಲ.

ತುಂಡು ಬಟ್ಟೆ ತಿರುಗಿ ಕೊಡುವುದನ್ನು ನನಗೆ ಕಲಿಸಿದವರು ಕ್ರೈಸ್ತರಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಮ್ಮ ಓಣಿಯಲ್ಲಿ ಮಗ್ಗದ ಕೆಲಸದ ಒಬ್ಬ ಕಾಕಾ ಇದ್ದರು. ಉಳಿದ ನೂಲನ್ನು ಗುಂಜಿ ತೂಕ ತಪ್ಪದಂತೆ ಮಾಲಕನಿಗೆ ಒಪ್ಪಿಸುತ್ತಿದ್ದರು. ಕಾಯಕ ಎಂಬ ಮಾತನ್ನು ಅವರು ಬಾಯಿಂದ ಆಡಿದ್ದು ನನಗೆ ನೆನಪಿಲ್ಲ, ಕೈಯಿಂದ ಆಡಿದ್ದು ನೋಡಿದ್ದೇನೆ. “ಹಂಗಾರ ಒಳ್ಳೇತನಕ್ಕ ಕ್ರಿಸ್ತ ಯಾಕ ಬೇಕು?” ಎಂದು ಕೇಳುವವರಿಗೆ ನಾನು ವಾದ ಹೂಡುವುದಿಲ್ಲ. ಒಳ್ಳೆಯತನ ನಮ್ಮ ಗುತ್ತಿಗೆ ಅಲ್ಲ. ನನ್ನನ್ನು ತಪ್ಪಿನಲ್ಲಿ ಹಿಡಿದು ನಿಲ್ಲಿಸಿ, ಕ್ಷಮಿಸಿ, ಮತ್ತೆ ಅಂಗಡಿಗೆ ಕಳಿಸುವವನು ಕ್ರಿಸ್ತ. ಅಷ್ಟು ನನಗೆ ಗೊತ್ತು.

ಇನ್ನೊಂದು ಅಪಾಯ ಇದೆ. ಅದು ನಮ್ಮ ಸಭೆಗಳ ರಕ್ತದಲ್ಲೇ ಇದೆ. ನಮ್ಮ ಸಭೆಗಳನ್ನು ಕಟ್ಟಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ. ಮಿಶನರಿಗಳು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ ಬಂದರು. ಅವರಲ್ಲಿ ಬಹಳಷ್ಟು ಜನ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು. ನಂಬಿಕೆ ಬಾಯಲ್ಲಿ ಉಳಿಯಬಾರದು, ದಿನದ ನಡತೆಯಲ್ಲಿ ಕಾಣಬೇಕು ಎಂದು ಬಲವಾಗಿ ಹಿಡಿದ ಭಕ್ತಿಪಂಥದಲ್ಲಿ ಬೆಳೆದವರು. 1853ರಲ್ಲಿ ಧಾರವಾಡಕ್ಕೆ ಬಂದ ಕಿಟೆಲ್ ಅವರನ್ನು ಕನ್ನಡಿಗರು ಇವತ್ತು ನೆನೆಯುವುದು ಅವರ ಪ್ರಸಂಗಗಳಿಂದಲ್ಲ, ಒಂದೊಂದೇ ಶಬ್ದ ಕೂಡಿಸಿ 1894ರಲ್ಲಿ ಮುಗಿಸಿದ ನಿಘಂಟಿನಿಂದ. ಆ ಶಿಸ್ತು ನಮಗೆ ಬಹಳ ಕೊಟ್ಟಿದೆ. ಆದರೆ ಅದೇ ಶಿಸ್ತು ಪಕ್ಕದ ಮನೆಯವರ ಮೇಲೆ ಕಣ್ಣಿಡುವುದನ್ನೂ ಕಲಿಸಿತು. ಯಾರು ಆರಾಧನೆಗೆ ತಡವಾಗಿ ಬಂದರು, ಯಾರ ಮಗ ಎಲ್ಲಿ ನಿಂತಿದ್ದ, ಯಾರು ಎಂಥ ಸೀರೆ ಉಟ್ಟರು ಎಂದು ಮಾತಾಡಿಕೊಳ್ಳುವುದನ್ನು ನಮ್ಮ ಅಜ್ಜಿಯ ಕಾಲದಿಂದ ಕೇಳಿದ್ದೇನೆ. ಸಣ್ಣ ನಡತೆಯ ಮಾತು ನನ್ನ ಕೈಯಲ್ಲಿ ಕನ್ನಡಿಯಾಗಬಹುದು, ಇನ್ನೊಬ್ಬರ ಮೇಲೆ ಕೋಲೂ ಆಗಬಹುದು. ಕೋಲಾದ ದಿನ ಅದು ಕ್ರಿಸ್ತನದಲ್ಲ.

ಅದರ ಜೊತೆಗೇ ತೋರಿಕೆ. “ನಾವು ಕ್ರೈಸ್ತರು, ಜನ ನೋಡ್ತಾರ” ಎಂದು ಮಕ್ಕಳಿಗೆ ಹೇಳುತ್ತೇವೆ. ಜನ ನೋಡುತ್ತಾರೆ, ನಿಜ. ಗದಗದಂಥ ಊರಲ್ಲಿ ನಾವು ಬೆರಳೆಣಿಕೆಯಷ್ಟು ಮನೆ. ಒಬ್ಬ ಎಡವಿದರೆ ‘ಚರ್ಚಿನವರು’ ಎಲ್ಲರೂ ಎಡವಿದ ಹಾಗೆ. ಮತ್ತಾಯ 5:16ರಲ್ಲಿ ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂದಿದೆ. ಒಂದು ಹಾಳೆ ಮಗುಚಿದರೆ 6:1, ಜನ ನೋಡಲಿ ಎಂದು ಧರ್ಮಕಾರ್ಯ ಮಾಡಬೇಡಿ. ಎರಡನ್ನೂ ಹೇಗೆ ಹಿಡಿಯುವುದು ಎಂದು ಬಹಳ ವರ್ಷ ತಿಣುಕಿದೆ. ಈಗ ನಾನು ಮಾಡುವುದು ಇಷ್ಟೇ: ಅಡ್ಡಾಡುವ ಜನ ಹೇಗೆ ನೋಡುತ್ತಾರೆ ಎಂಬುದನ್ನು ಬಿಟ್ಟು, ನನ್ನ ಎದುರಿಗೆ ನಿಂತ ಒಬ್ಬರಿಗೆ ಏನಾಗುತ್ತದೆ ಎಂಬುದನ್ನು ನೋಡುತ್ತೇನೆ.

ಹಾಗೆ ನೋಡದೆ ಮಾಡಿದ ಒಂದು ತಪ್ಪು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಶುಭ ಶುಕ್ರವಾರಕ್ಕೆ ಮುಂಚಿನ ವಾರ ನಮ್ಮ ಮನೆಯ ಮಾಳಿಗೆ ಮೇಲೆ ಪ್ರಾರ್ಥನಾ ಕೂಟ ಇಟ್ಟಿದ್ದೆ. ಮೈಕು, ಎರಡು ದೊಡ್ಡ ಸ್ಪೀಕರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಚ್ಚಬಾರದು ಎಂದು 2000ನೇ ಇಸವಿಯ ನಿಯಮ ಇದೆ, ಗೊತ್ತಿತ್ತು, ಹತ್ತಕ್ಕೆ ಸರಿಯಾಗಿ ನಿಲ್ಲಿಸಿದೆವು. ಮೂರು ರಾತ್ರಿ ಹೀಗೇ ನಡೆಯಿತು. ಬಾಜೂ ಮನೆಯ ಹುಡುಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವರ ಮನೆಯಿಂದ ಒಂದು ಮಾತೂ ಬರಲಿಲ್ಲ. ಮಗಳನ್ನು ಗಂಗಾಪುರ ಪೇಟೆಯ ಅತ್ತೆಯ ಮನೆಗೆ ಕಳಿಸಿಬಿಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಪ್ರತಿ ಪಂಚಮಿಗೆ ನಮಗೆ ಉಂಡಿ ಕಳಿಸುವ ಮನೆ ಅದು. ದಸರೆಯಲ್ಲಿ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಎನ್ನುವ ಮನೆ. (ಬನ್ನಿ ತೊಗೊಳ್ಳಬಹುದೇ ಎಂಬ ಚರ್ಚೆ ನಮ್ಮಲ್ಲಿದೆ. ನಾನು ಎರಡೂ ಕೈ ಒಡ್ಡಿ ತೊಗೊಳ್ಳುತ್ತೇನೆ.) ಸಂಕಟಕ್ಕೆ ಕೊನೆಗೂ ಎದ್ದು ಹೋಗಿ ಕ್ಷಮೆ ಕೇಳಿದೆ. “ದೇವ್ರ ಕಾರ್ಯ ಅಲ್ರಿ, ಅದಕ್ಕೇನ ಅನ್ನೂದು” ಎಂದರು ಆ ತಾಯಿ. ಮತ್ತದೇ ಉತ್ತರ. ನಮ್ಮ ದೇವರ ಹೆಸರೇ ಅವರ ಬಾಯಿ ಕಟ್ಟಿತ್ತು. ಅದರಂಥ ನೋವು ನನಗೆ ಬೇರೆ ಇಲ್ಲ.

ತಂಗಿಯ ಮಗನ ಇನ್ನೊಂದು ತಕರಾರೂ ಇದೆ: ದೇಶದಲ್ಲಿ ಕೋಟಿಗಟ್ಟಲೆ ನುಂಗುವವರು ಇರುವಾಗ ದೊಡ್ಡಮ್ಮ ಅಸ್ತರ್ ತುಂಡು ಹಿಡಿದು ಕೂತಿದ್ದಾಳೆ. ಅವನ ಮಾತಿನಲ್ಲಿ ತಿರುಳಿದೆ. ಪುದೀನ, ಜೀರಿಗೆಯಲ್ಲೂ ಹತ್ತನೆಯ ಪಾಲು ಎಣಿಸಿ ಕೊಟ್ಟು ನ್ಯಾಯ, ಕರುಣೆಗಳನ್ನು ಬಿಟ್ಟವರನ್ನು ಯೇಸು ಎಷ್ಟು ಕಟುವಾಗಿ ಗದರಿದನು ಎಂಬುದು ಮತ್ತಾಯ 23ರಲ್ಲಿದೆ. ಆದರೆ ಅವನ್ನೂ ಮಾಡಬೇಕಾಗಿತ್ತು, ಇವನ್ನೂ ಬಿಡಬಾರದಾಗಿತ್ತು ಎಂದೇ ಆತನು ಹೇಳಿದ್ದು. ಕೋಟಿ ನುಂಗಿದವರ ವಿರುದ್ಧ ಹುಬ್ಬಳ್ಳಿಯಲ್ಲಿ ಮೆರವಣಿಗೆ ನಡೆದರೆ ಅವನು ಹೋಗಲಿ, ನಾನೂ ಬರುತ್ತೇನೆ. ಹೋಗುವ ಮುಂಚೆ ಅವನ ರೂಮು ಗುಡಿಸುವ ಅಜ್ಜಿಗೆ ಆ ತಿಂಗಳ ಪಗಾರ ಕೊಟ್ಟಿರಲಿ.

ಹುಕ್ಕು ಹಚ್ಚುವಾಕೆಗೆ ಈಗ ಪ್ರತಿ ಶನಿವಾರ ನಾಲ್ಕು ಗಂಟೆಯೊಳಗೆ ರೊಕ್ಕ ಮುಟ್ಟಿಸುತ್ತೇನೆ. ಮೊನ್ನೆ ಅಂಗಡಿಯಲ್ಲಿ ಇಬ್ಬರೇ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆ: “ಆವತ್ತು ನಾ ತಾಲೀಮಿಗೆ ಹೊಂಟಾಗ ಸೋಮವಾರ ಬಾ ಅಂದಿದ್ದೆ, ನೀ ಏನಂದಿ ನೆನಪೈತೇನು?”

ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. “ನಾ ಏನಂದ್ನಿ ನೆನಪಿಲ್ರಿ ಅಕ್ಕಾರ. ಅತ್ತಿಗೆ ಗುಳಿಗಿ ತರಬೇಕಾಗಿತ್ತು, ಬಾಜೂ ಮನ್ಯಾಕಿ ಹತ್ರ ನೂರು ರೂಪಾಯಿ ಕೈಗಡ ಇಸ್ಕೊಂಡ್ನಿ. ಸೋಮವಾರನ ತಿರುಗಿ ಕೊಟ್ಟೀನ್ರಿ. ಆದ್ರೂ ಆಕಿ ನೀರಿಗೆ ಜಗಳಾ ಬಂದಾಗೊಮ್ಮೆ ಇವತ್ತಿಗೂ ಅದನ್ನ ಎತ್ತಿ ಆಡ್ತಾಳ.”

ಹಾಗೆಂದು ದಾರವನ್ನು ಹಲ್ಲಿನಿಂದ ಕಡಿದು, ಇನ್ನೊಂದು ಬ್ಲೌಸು ಕೈಗೆತ್ತಿಕೊಂಡಳು.